ವಾಷಿಂಗ್ ಮೆಷಿನ್ ಕೇಳಿದ ಬುಧವಾರ

ಟರ್ನರ್ಸ್ ಬೆಂಡ್, ಕೆಂಟಕಿ
9 ಅಕ್ಟೋಬರ್ 1986, ಗುರುವಾರ

ಪ್ರೀತಿಯ ಹರ್ಶೆಲ್,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ನಿಮ್ಮ ಕಲ್ಲಿದ್ದಲು ಸಾಗಿಸುವ ದೋಣಿಯ ಅಡುಗೆಯವನು ಈಗಲಾದರೂ ಬೀನ್ಸ್ ಬೇಯಿಸಿ ಹಾಕುತ್ತಾನೋ, ಇಲ್ಲ ಹಳೆಯ ಕಥೆಯೋ? ನಾನೂ ನಿನ್ನಮ್ಮನೂ ಚೆನ್ನಾಗಿದ್ದೇವೆ ಎಂದು ಬರೆದು ಮುಗಿಸಬಹುದಿತ್ತು. ಆದರೆ ನನಗೆ ಮೈಯೆಲ್ಲ ಉರಿಯುತ್ತಿದೆ, ಮೊದಲು ಅದನ್ನು ಕೇಳು.

ನೀನು ದೋಣಿ ಹತ್ತಿದ ಮರುದಿನವೇ ವಾಷಿಂಗ್ ಮೆಷಿನ್ ಕೆಟ್ಟು ಕೂತಿತು. ರಿಪೇರಿಯವನು ನೋಡಿ, ಇದು ಮುಗಿದ ಕೇಸು ಎಂದು ಹೋದ. ಅದಕ್ಕೇ ಹೋದ ವಾರದ ಬುಧವಾರ ಪ್ರಾರ್ಥನಾ ಕೂಟದಲ್ಲಿ ಹೊಸ ಪಾದ್ರಿ ಯಾರ್‍ಯಾರಿಗೆ ಏನೇನು ಬೇಕು ಹೇಳಿ ಎಂದಾಗ ಎದ್ದು ನಿಂತು, ನಮಗೊಂದು ವಾಷಿಂಗ್ ಮೆಷಿನ್ ಬೇಕು, ಪ್ರಾರ್ಥಿಸಿ ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪಾದ್ರಿ, ಇನ್ನೂ ನೆಟ್ಟಗೆ ಮೀಸೆ ಬಾರದವನು, ನನಗೆ ಬುದ್ಧಿ ಹೇಳಿದ: "ಇಬ್ರು ಹೆಂಗಸರ ಬಟ್ಟೆ ಎಷ್ಟಿದ್ದೀತು ಸಿಸ್ಟರ್? ದೇವ್ರ ಹತ್ರ ದೊಡ್ಡದನ್ನ ಕೇಳೋಣ." ಭಾನುವಾರ ಹಂಚಿದ ಪ್ರಾರ್ಥನೆಯ ಪಟ್ಟಿಯಲ್ಲಿ ಕ್ಯಾನ್ಸರ್ ಆದವರ ಕೆಳಗೆ ನನ್ನ ಹೆಸರು: ಲೋಕದ ವಸ್ತುಗಳ ಆಸೆಯಿಂದ ವರ್ನಾಳಿಗೆ ಬಿಡುಗಡೆ ಸಿಗಲಿ. ಇಡೀ ಊರು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದೆ, ಹರ್ಶೆಲ್.

ಇದೇ ಸಭೆಯಲ್ಲಿ ನಾವು ಹಸುವಿನ ಕೆಚ್ಚಲ ಬಾವು ಇಳಿಯಲೆಂದು ಪ್ರಾರ್ಥಿಸಿದ್ದೇವೆ, ಹೈಸ್ಕೂಲಿನ ಬಾಸ್ಕೆಟ್‌ಬಾಲ್ ಪಂದ್ಯಕ್ಕೂ ಪ್ರಾರ್ಥಿಸಿದ್ದೇವೆ. ದೇವರೇನು ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಇಡುವವನೇ? ಹಸಿದ ಶಿಷ್ಯರಿಗೆ ಕೈಯಾರೆ ಮೀನು ಸುಟ್ಟುಕೊಟ್ಟ ಯೇಸುಸ್ವಾಮಿಗೆ ನನ್ನ ಬಟ್ಟೆಬುಟ್ಟಿ ಅಷ್ಟು ಕೀಳಾಯಿತೇ? ಒಂದೇ ಮಾತಿನಲ್ಲಿ ಆ ಪಾದ್ರಿಯ ಬಾಯಿ ಮುಚ್ಚಿಸಬಹುದಿತ್ತು. ನಿನ್ನಮ್ಮ ಪಕ್ಕದಲ್ಲೇ ಕೂತಿದ್ದರು, ಸುಮ್ಮನಾದೆ.

ನಿನ್ನೆಯ ಕೂಟಕ್ಕೆ ತುಟಿ ಬಿಚ್ಚುವುದಿಲ್ಲ ಎಂದುಕೊಂಡೇ ಹೋಗಿದ್ದೆ. ಆದರೆ ನಿನ್ನಮ್ಮ ಮುಂದಿನ ಬೆಂಚು ಹಿಡಿದುಕೊಂಡು ಮೇಲೆದ್ದರು. ಮುತ್ತಿನ ಓಲೆ ಇಲ್ಲದೆ ಹೊಸ್ತಿಲು ದಾಟದ ಹೆಂಗಸು, ನಿನಗೇ ಗೊತ್ತಲ್ಲ.

"ಹಾಸಿಗೆ ಒದ್ದೆ ಮಾಡ್ಕೊಳ್ಳೋಳು ನಾನು," ಅಂದರು. "ದಿನಾ ಬೆಳಿಗ್ಗೆ ಚಾದರ ಕೈಯಲ್ಲಿ ಉಜ್ಜೋಳು ನನ್ನ ಸೊಸೆ. ಯಾರಿಗೂ ಹೇಳ್ಬೇಡ ಅಂತ ಮಾತು ತಗೊಂಡಿದ್ದೆ. ಇದಕ್ಕಿಂತ ದೊಡ್ಡದು ನಮ್ಮನೇಲಿ ಇನ್ನೇನಿದೆ ಪಾದ್ರಿಗಳೇ, ಕೇಳೋದಕ್ಕೆ?"

ನಾನು ಅತ್ತುಬಿಟ್ಟೆ, ಅರ್ಧ ಸಿಟ್ಟಿಗೆ.

ಇವತ್ತು ಬೆಳಿಗ್ಗೆ ಪಾದ್ರಿ ತನ್ನ ಮನೆಯ ಮೆಷಿನ್ನನ್ನೇ ಟ್ರಕ್ಕಿನಲ್ಲಿ ಹೇರಿಕೊಂಡು ಬಂದ. ಜೋಡಿಸಿ ಮುಗಿಸುವವರೆಗೂ ತಲೆ ಎತ್ತಲಿಲ್ಲ. ಕಾಫಿ ಕೊಟ್ಟೆ. ಸಕ್ಕರೆ ಅವನು ಕೇಳಲಿಲ್ಲ, ನಾನೂ ಹಾಕಲಿಲ್ಲ.

ಒದ್ದೆ ಡೆಕ್ಕಿನ ಮೇಲೆ ಹುಷಾರು. ನದಿಯ ಮೇಲೂ ಸ್ವಾಮಿ ನಿನ್ನ ಕೈ ಹಿಡಿದಿರಲಿ.

ನಿನ್ನ,
ವರ್ನಾ

ಮುಖ್ಯವಾದದ್ದೇ ಬಿಟ್ಟಿದ್ದೆ: ಬಾಯಿಬಿಟ್ಟು ಹೇಳಲಾಗದ ಕೋರಿಕೆ ಇರುವವರು ಸುಮ್ಮನೆ ಕೈ ಎತ್ತಿ ಎಂದು ಕೂಟದ ಕೊನೆಗೆ ಕೇಳುತ್ತಾರಲ್ಲ, ನಿನ್ನಮ್ಮ ಬೇಸಿಗೆಯಿಂದಲೂ ಪ್ರತಿ ಬುಧವಾರ ಕೈ ಎತ್ತುತ್ತಿದ್ದಾರೆ. ಏನೆಂದು ಯಾರೂ ಕೇಳಬಾರದು. ನಿನ್ನೆ ದಾರಿಯಲ್ಲಿ ನಾನು ಕೇಳಿಬಿಟ್ಟೆ. ಎರಡು ರಜೆಯಿಂದ ನೀನು ಅವರ ಕೋಣೆಯ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದೀಯಂತೆ. ವಾಸನೆಗೇ ಇರಬೇಕು ಅಂದರು. ಚಾದರ ಒಗೆದಿದೆ, ಒಣಗಿದೆ. ಮುಂದಿನ ವಾರ ಶನಿವಾರ ರಜೆಗೆ ಬಂದವನು ಒಳಗೆ ಹೋಗಿ ಅವರ ಹಾಸಿಗೆಯ ಮೇಲೆ ಕೂತುಕೋ.