ಹಾರ್ಪರ್ ಹೋದ ಬೆಳಿಗ್ಗೆ

ಅಹ್ವಾಜ್
೧೩೫೭, ದೇ ತಿಂಗಳ ಹತ್ತು (೩೧ ಡಿಸೆಂಬರ್ ೧೯೭೮)

ಪ್ರೀತಿಯ ಪರ್ವಾನೆಯ ಅಪ್ಪನಿಗೆ,

ಹೇಗಿದ್ದೀರಿ? ಬುಶೆಹರಿನಲ್ಲಿ ಪೊಲೀಸರಿಗೆ ಹೆದರಿ ಅಡಗಿ ಕೂತವರಿಗೆ ಬಿಸಿ ಊಟವಾದರೂ ಸಿಗುತ್ತಿದೆಯೇ? ಕೆಮ್ಮಿಗೆ ಬೇಯಿಸಿದ ಟರ್ನಿಪ್ ತಿನ್ನಿ, ಮುಷ್ಕರದವರು ಗೆಡ್ಡೆ ತಿನ್ನಬಾರದೆಂದೇನೂ ಇಲ್ಲವಲ್ಲ. ಅಂಚೆಯವರೂ ಮುಷ್ಕರ ಹೂಡಿದ್ದಾರೆ, ಅದಕ್ಕೇ ಇದನ್ನು ಬಸ್ಸಿನ ಜಾಸೆಮ್ ಕೈಲಿ ಕಳಿಸುತ್ತಿದ್ದೇನೆ.

ನಿಮ್ಮ ಕೊಳವೆ ಕಾರ್ಖಾನೆಗೆ ಬೀಗ ಬಿತ್ತು, ವಿದೇಶಿಗಳೆಲ್ಲ ಹೊರಟುಹೋದರು. ನಿಮ್ಮ ಅಜ್ಜ ಇಂಗ್ಲಿಷರಿಗೆ ಎಣ್ಣೆ ಬಾವಿ ತೋಡಿಕೊಟ್ಟರು. ನಿಮ್ಮ ಅಪ್ಪ ಎಣ್ಣೆ ನಮ್ಮದೆಂದು ಕೂಗಿ ಅವರನ್ನು ಹಡಗು ಹತ್ತಿಸಿ ಬಂದರು. ಮೂರು ವರ್ಷಕ್ಕೆ ಇನ್ನೂ ಮೂರು ದೇಶದವರನ್ನು ಕಟ್ಟಿಕೊಂಡು ಆ ಇಂಗ್ಲಿಷರೇ ತಿರುಗಿ ಬಂದರು. 'ಬಂಡವಾಳ ಹಾಕೋನು ಪುಣ್ಯಕ್ಕೆ ಬರಲ್ಲ ಕಣೇ, ಹಾಕಿದ್ದರ ಹತ್ತರಷ್ಟು ಹೊತ್ಕೊಂಡು ಹೋಗ್ತಾನೆ' ಎನ್ನುತ್ತಿದ್ದಿರಿ. ನಿಜವೇ ಇರಬಹುದು. ಆದರೆ ನಮ್ಮ ಮಗಳ ಎದೆಯ ತೂತು ಹೊಲಿಯುವ ಡಾಕ್ಟರೂ ಅವರ ದೇಶದಲ್ಲೇ ಇದ್ದಾನೆ. ನಿಮ್ಮ ಕಾರ್ಖಾನೆಯ ಇಂಜಿನಿಯರ್ ಹಾರ್ಪರನೇ ಅಲ್ಲಿಗೆ ಬರೆದು ದಿನ ಗೊತ್ತುಮಾಡಿಸಿದ್ದ, ಪಾಸ್‌ಪೋರ್ಟೂ ಬಂದಿತ್ತು. ಈಗ ನಮ್ಮ ವಿಮಾನಗಳೂ ಮುಷ್ಕರಕ್ಕೆ ನಿಂತುಹೋಗಿವೆ. ದೊರೆ ಷಾ ಇರಲಿ, ಹೋಗಲಿ, ಆ ತೂತು ಯಾರಿಗೂ ಕಾಯುವುದಿಲ್ಲ.

ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಪರ್ವಾನೆಯ ತುಟಿ ನೀಲಿಯಾಗುತ್ತದೆ. ಇಲ್ಲಿಯ ಡಾಕ್ಟರು ವಸಂತದ ನೌರೋಜ್ ಹಬ್ಬದ ಆಚೆಗೆ ಅವಳ ಮಾತೇ ಆಡುವುದಿಲ್ಲ. ನನಗೆ ಭಯವಾಗಿದೆ. ನಿಮ್ಮ ಅಮ್ಮ ದಿನವೂ ರೊಟ್ಟಿಯ ಸಾಲಿನಲ್ಲಿ ನಿಂತು ಹಾರ್ಪರನಿಗೆ ಶಾಪ ಹಾಕುತ್ತಾರೆ. 'ಎರಡು ವರ್ಷ ನಮ್ಮನೇಲಿ ಚಹಾ ಕುಡ್ದ, ಕೇಸರಿ ಅನ್ನ ಬಾಚಿ ಬಾಚಿ ತಿಂದ. ಹೋಗೋವಾಗ ಮಗೂನ ಕರ್ಕೊಂಡು ಹೋಗ್ತೀನಿ ಅಂತ ಒಂದು ಮಾತು ಬಂತಾ ಆ ಕಲ್ಲೆದೆಯವನ ಬಾಯಿಂದ?' ಸಾಲಿನವರೆಲ್ಲ ಹೌದೌದು ಎನ್ನುತ್ತಾರೆ. ನಾನೂ ತಲೆಯಾಡಿಸುತ್ತೇನೆ.

ದೇವರು ನಿಮ್ಮ ತಲೆ ಕಾಯಲಿ. ಜೊತೆಗಿರುವವರಿಗೆಲ್ಲ ನನ್ನ ಸಲಾಂ ಹೇಳಿ.

ನಿಮ್ಮ
ತೂಬಾ

ತಾ.ಕ.: ಜಾಸೆಮ್ ಹಾರ್ನ್ ಹೊಡೆಯುತ್ತಿದ್ದಾನೆ, ಬರೆದುಬಿಡುತ್ತೇನೆ. ಹಾರ್ಪರ್ ಕೇಳಿದ್ದ. ಹೋಗುವ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಕಾರು ನಿಲ್ಲಿಸಿ, ಕಲಿತಿದ್ದ ನಾಲ್ಕೇ ಫಾರ್ಸಿ ಮಾತಿನಲ್ಲಿ, 'ವಿಮಾನದಲ್ಲಿ ಎರಡು ಜಾಗ. ನೀನು, ಮಗು, ಬನ್ನಿ' ಅಂದ. ಮೊದಲ ಸಲಕ್ಕೇ ಹ್ಞೂಂ ಅನ್ನುವುದನ್ನು ನನಗೆ ಯಾರೂ ಕಲಿಸಿಲ್ಲ. 'ಅಯ್ಯೋ, ನಿಮಗ್ಯಾಕೆ ತೊಂದರೆ, ಬೇಡ ಬೇಡ' ಅಂದುಬಿಟ್ಟೆ. ಮೂರನೆಯ ಸಲಕ್ಕೆ ಒಪ್ಪೋಣವೆಂದು ಬಟ್ಟೆಯ ಗಂಟನ್ನು ಬಾಗಿಲ ಹಿಂದೆಯೇ ಇಟ್ಟುಕೊಂಡಿದ್ದೆ. ಅವನು 'ಸರಿ' ಎಂದು, ನಮ್ಮವರ ಹಾಗೆ ಎದೆಗೆ ಕೈಯಿಟ್ಟು ಬಾಗಿ, ಕಾರು ಹತ್ತಿದ. ಎರಡನೆಯ ಸಲ ಕೇಳಲೇ ಇಲ್ಲ.