ಜೀಪಿನಡಿ ನೀವು ಕಟ್ಟಿಟ್ಟ ಗಂಟು

ಎಷ್ಟು ಕೂಗಿದರೂ ಓಗೊಡದ ನನ್ನ ಅಪ್ಪಾಜಿಗೆ,

ನಿಮ್ಮ ಅಶ್ವಿನಿ ಬರೆಯುತ್ತಿದ್ದಾಳೆ. ಕನ್ನಡದಲ್ಲೇ ಬರೆಯುತ್ತಿದ್ದೇನೆ, ನೋಡಿ! ಕಲಬುರಗಿಯ ಇಂಗ್ಲಿಷ್ ಶಾಲೆಗೆ ಹಾಕಿ, ಆಮೇಲೆ ನನ್ನ ಒತ್ತಕ್ಷರ ಕಂಡು ನಕ್ಕವರೂ ನೀವೇ. ತಪ್ಪಿದ್ದರೆ ಈಗಲೂ ನಕ್ಕುಬಿಡಿ. ನನಗೆ ಮದುವೆಯಾಗಿ ಇಪ್ಪತ್ತೆರಡು ದಿನ. ಎರಡೂ ಕೈತುಂಬ ಹಸಿರು ಬಳೆ. ಆಳಂದದ ಮನೆಯಲ್ಲಿ ನಾನು ನಡೆದಾಡಿದರೆ ಗಲಗಲ ಸದ್ದಿಗೆ ಅತ್ತೆ, "ಸೊಸಿ ಎಲ್ಲಿದ್ದಾಳಂತ ಹುಡುಕೋದೇ ಬ್ಯಾಡ" ಎನ್ನುತ್ತಾರೆ. ಇನ್ನು ಇವರು, ನಿಮ್ಮ ಅಳಿಯ, ಎಷ್ಟು ಒಳ್ಳೆಯವರು ಎಂದು ಹೇಳತೊಡಗಿದರೆ ಈ ಕಾಗದ ಸಾಲದು. ದನದ ಡಾಕ್ಟರಿಗೆ ಕೊಡುತ್ತೀರಾ ಎಂದು ನಾನು ಮೂಗು ಮುರಿದಿದ್ದೆನಲ್ಲ? ಆ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಇಷ್ಟೆಲ್ಲ ಸಂತೋಷವಿದೆ, ಅಪ್ಪಾಜಿ. ಆದರೂ ಪ್ರತಿ ಸಂತೋಷದ ಕೊನೆಗೆ ನಿಮಗೆ ಹೇಳಬೇಕು ಅನ್ನಿಸಿ, ಅಲ್ಲಿಗೆ...

ನಾನು ಮೊದಲ ಸಲ ನಿಮ್ಮ ಜೀಪಿನ ಕೆಳಗೆ ತೂರಿದ್ದು ಆರನೇ ಕ್ಲಾಸಿನ ರಜೆಯಲ್ಲಿ. ಭೀಮಾ ನದಿ ದಂಡೆಯ ಹೊಲಗಳಲ್ಲಿ ಪಂಪ್‌ಸೆಟ್ ಕೆಟ್ಟರೆ ರೈತರು ಅಫಜಲಪುರದಿಂದ ನಿಮ್ಮನ್ನೇ ಕರೆಯುತ್ತಿದ್ದರು. ಟಾರು ರಸ್ತೆ ಮುಗಿದು ಎರೆಮಣ್ಣು ಶುರುವಾಗುವ ಕಡೆ ನೀವು ಜೀಪು ನಿಲ್ಲಿಸಿ, ನಟ್ಟು ಬಿಚ್ಚುವ ಪಾನಾ ಹಿಡಿದು ಕೆಳಗೆ ಮಲಗುತ್ತಿದ್ದಿರಿ. ಮುಂದಿನ ಗಾಲಿಗಳ ನಡುವೆ ಅಡ್ಡಲಾಗಿ ಒಂದು ದಪ್ಪ ಸರಳು. ಅದರ ಎರಡು ತುದಿಗಳನ್ನು ಆಕ್ಸಲ್ಲಿಗೆ ಹಿಡಿದಿಡುವ ಗೇಣುದ್ದದ ಎರಡು ಲಿಂಕ್ ರಾಡು. "ಇದನ್ಯಾಕ ಬಿಚ್ತೀರಿ?" ಎಂದು ಕೇಳಿದ್ದೆ.

"ರೋಡಿನ್ಯಾಗ ತಿರುವು ಬಂದಾಗ ಗಾಡಿ ವಾಲಬಾರ್ದು ನೋಡವ್ವಾ, ಅದಕ್ಕ ಎರಡೂ ಗಾಲಿ ಜೋಡಿ ನಡೀಬೇಕು. ಹೊಲದಾಗ ಹಂಗಲ್ಲ. ಒಂದ್ ಗಾಲಿ ತಗ್ಗಿಗಿ ಇಳೀತದ, ಒಂದ್ ಒಡ್ಡಿಗಿ ಏರ್ತದ. ಅಲ್ಲಿ ಅವನ್ನ ಕಟ್ಟಿ ಹಾಕಿದ್ರ ಒಂದು ಗಾಳ್ಯಾಗ ನಿಂತುಬಿಡ್ತದ" ಎಂದಿದ್ದಿರಿ. ಲಿಂಕ್ ಬಿಚ್ಚಿ, ಜೋತುಬಿದ್ದ ಸರಳನ್ನು ಹಗ್ಗದಿಂದ ಮೇಲಕ್ಕೆ ಕಟ್ಟಿ, ಕೆಲಸ ಮುಗಿಸಿ ರಸ್ತೆಗೆ ಬಂದ ಮೇಲೆ ಮತ್ತೆ ಜೋಡಿಸುವುದು. ಆ ಗಂಟು ಬಿಚ್ಚುವುದು ನನ್ನ ಕೆಲಸ. ಎಂಥ ಗಂಟು ಹಾಕುತ್ತಿದ್ದಿರಿ, ಅಪ್ಪಾಜಿ! ಕಲ್ಲಿನ ಹಾಗೆ. ಒಮ್ಮೆ ಸಿಟ್ಟು ಬಂದು ಬ್ಲೇಡಿನಿಂದ ಕೊಯ್ದೆ. ನೀವು ಬೈಯಲಿಲ್ಲ, ಹಗ್ಗದ ಎರಡು ತುಂಡು ಹಿಡಿದು ನೋಡುತ್ತ ನಿಂತಿರಿ. "ಕೊಯ್ದ್ರ ಮುಗೀತು. ಬಿಚ್ಚಿದ್ರ ನಾಳಿಗಿ ಬರ್ತದ." ಅಂದಿನಿಂದ ನಾನು ಒಂದು ಹಗ್ಗವನ್ನೂ ಕೊಯ್ದಿಲ್ಲ.

ಆ ಕೊನೆಯ ದಿನದ ಬೆಳಿಗ್ಗೆ. ನಿಶ್ಚಿತಾರ್ಥಕ್ಕೆ ಎರಡೇ ದಿನ. ನೀವು ಅಂಗಳದಲ್ಲಿ ನಿಂತು, "ಕರಜಗ್ಯಾಗ ಒಂದು ಪಂಪ್ ಕೂತದ, ಕಬ್ಬು ಒಣಗಾಕತ್ತದ. ಬರ್ತೀಯೇನ ಬೇ, ಪಾನಾ ಹಿಡಿಲಾಕ?" ಎಂದಿರಿ. ನಾನು ಹತ್ತೂ ಬೆರಳು ಅಗಲಿಸಿ ತೋರಿಸಿದೆ. ಉಗುರುಬಣ್ಣ ಇನ್ನೂ ಹಸಿಯಾಗಿತ್ತು.

"ಇವತ್ತ ಬ್ಯಾಡ್ರಿ ಅಪ್ಪಾಜಿ! ಒಂದ್ ತಿಂಗಳಾತು ಈ ಉಗುರು ಬೆಳಸಾಕತ್ತು. ನಿಮ್ಮ ಗಂಟು ಬಿಚ್ಚಿದ್ರ ಒಂದೂ ಉಳ್ಯಾಂಗಿಲ್ಲ."

"ಆಯ್ತವ್ವಾ, ಉಗುರು ಕಾಯ್ಕೋತ ಕೂಡು. ಲಿಂಕ್ ತೆಗಿಯೋದು ನಾ ತೆಗೀತೇನಿ. ಸಂಜಿಕಿ ಹಂಗ ಸಾವಕಾಶ ಮನಿಗಿ ತರ್ತೇನಿ, ತಿರುಗಿ ಹಾಕ್ಲಾಕ ಮಾತ್ರ ನೀ ಬೇಕು."

ನಾನು ತಲೆ ಎತ್ತಿ ನಿಮ್ಮ ಮುಖವನ್ನಾದರೂ ನೋಡಿದೆನೆ? ಇಲ್ಲ. ಬೆರಳಿಗೆ ಉಫ್ ಉಫ್ ಎಂದು ಊದುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಪಂಪಿನ ಪಕ್ಕದಲ್ಲೇ ನಿಮ್ಮ ಎದೆಬಡಿತ ನಿಂತಿತ್ತು. ಕಬ್ಬಿಗೆ ನೀರು ಹರಿಯತೊಡಗಿತ್ತಂತೆ. ನಿಮ್ಮನ್ನು ಹುಟ್ಟೂರು ಕೊಳಕೂರಿನ ಹೊಲದಲ್ಲಿ, ಅಜ್ಜನ ಗದ್ದುಗೆಯ ಪಕ್ಕ ಕೂರಿಸಿ ಮಣ್ಣು ಮಾಡಿದರು. ಜೀಪನ್ನು ಯಾರದೋ ಟ್ರ್ಯಾಕ್ಟರು ಎಳೆದು ತಂದು ನಮ್ಮ ಮನೆಯ ಬೇವಿನ ಗಿಡದ ಕೆಳಗೆ ನಿಲ್ಲಿಸಿತು. ಬಿಚ್ಚಿದ ಲಿಂಕ್‌ಗಳು ಪೆಟ್ಟಿಗೆಯಲ್ಲಿ ಹಳೆ ಪೇಪರಿನಲ್ಲಿ ಸುತ್ತಿಟ್ಟಂತೆಯೇ ಇದ್ದವು. ಸರಳು ನೀವು ಕಟ್ಟಿದಂತೆಯೇ ಇತ್ತು.

ಅದನ್ನು ಮುಟ್ಟಲು ನಾನು ಯಾರನ್ನೂ ಬಿಡಲಿಲ್ಲ, ಅಪ್ಪಾಜಿ. ನಾನೂ ಮುಟ್ಟಲಿಲ್ಲ. ನಿಮ್ಮ ಕೈ ಮಾಡಿದ ಕೊನೆಯ ಕೆಲಸಗಳಲ್ಲಿ ಒಂದು ಆ ಗಂಟು. ಪಂಪನ್ನು ಕರಜಗಿಯವರು ದಿನಾ ಚಾಲೂ ಮಾಡುತ್ತಾರೆ, ನಿಲ್ಲಿಸುತ್ತಾರೆ. ನನಗೆ ಉಳಿದದ್ದು ಇದೊಂದೇ. ಇದನ್ನೂ ಬಿಚ್ಚಿಬಿಟ್ಟರೆ? ವರ್ಷದೊಳಗೇ ಮದುವೆ ಮುಗಿಸಬೇಕೆಂದು ಹಿರಿಯರು ನಿಶ್ಚಯಿಸಿದರು. ಮದುವೆಯಾದವರು ಮೊದಲು ಮನೆಯ ಹಿರಿಯರ ಗದ್ದುಗೆಗೆ ಹೋಗಿ ವಿಭೂತಿ, ಪತ್ರಿ ಏರಿಸಿ ಕೈಮುಗಿಯುವುದು ನಮ್ಮ ಮನೆಯ ರೂಢಿ. ನಿಮ್ಮ ಬಳಿಗೆ ಬರುವುದಾದರೆ ನಿಮ್ಮ ಜೀಪಿನಲ್ಲೇ ಬರುತ್ತೇನೆ, ನಾನೇ ನಡೆಸಿಕೊಂಡು ಬರುತ್ತೇನೆ ಎಂದು ಹಟ ಹಿಡಿದೆ. ಆದರೆ ಲಿಂಕ್ ಇಲ್ಲದ ಜೀಪನ್ನು ಅಷ್ಟು ದೂರ ರಸ್ತೆಯಲ್ಲಿ ಹೇಗೆ ಓಡಿಸುವುದು? ಬರಬೇಕೆಂದರೆ ಗಂಟು ಬಿಚ್ಚಬೇಕು. ಬಿಚ್ಚಲಾರೆನಾದರೆ ಬರುವಂತಿಲ್ಲ. ಹದಿನೈದು ದಿನ ಹೀಗೇ ಒದ್ದಾಡಿದೆ.

ಕೊನೆಗೆ ಮೊನ್ನೆ ಭಾನುವಾರ ತವರಿಗೆ ಬಂದು ಜೀಪಿನ ಮುಂದೆ ನಿಂತೆವು. ಕಾಕಾ ಕಟ್ಟೆಯ ಮೇಲೆ ಚಹಾ ಕುಡಿಯುತ್ತ, "ಕೊಯ್ದು ಒಗೀರಿ ಅತ್ಲಾಗ. ಹಗ್ಗಕ್ಕೇನ್ ಜೀವ ಅದ ಏನು?" ಎಂದರು. ಅವ್ವ ಓಡಿಬಂದಳು. "ಹಸಿರು ಬಳಿ ಇಟ್ಕೊಂಡು ಜೀಪಿನ ಕೆಳಗ ಹೋಗ್ತೀಯೇನ ಬೇ? ಒಂದು ಒಡೀಲಿ, ನೋಡ್ಕೊತೇನಿ ನಿನ್ನ!"

ಇವರು ಏನು ಮಾಡಿದರು ಗೊತ್ತೇ? ದನದ ಕಾಲಿಗೆ ಕಟ್ಟುವ ಬ್ಯಾಂಡೇಜು ಬಟ್ಟೆ ತಂದು ನನ್ನ ಬಳೆಗಳ ಮೇಲೆ ಮೊಣಕೈವರೆಗೆ ಸುತ್ತಿದರು! "ಎಮ್ಮಿ ಒದಿತಾವ್ರಿ ಅತ್ತಿ, ಇದು ಒದಿಯಂಗಿಲ್ಲ" ಎಂದರು. "ನಿಮ್ಮ ಮಾವನ ಗಾಡಿ, ಒದ್ದರೂ ಒದಿತದ್ರಿ" ಎಂದಳು ಅವ್ವ. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದು ನೋಡಿದೆ.

ಕೆಳಗೆ ಅಂಗಾತ ಮಲಗಿದೆ. ಕರಜಗಿಯ ಎರೆಮಣ್ಣು ಹಗ್ಗದ ಸುತ್ತ ಮೆತ್ತಿ, ಒಣಗಿ, ಹೆಂಟೆಯಾಗಿತ್ತು. ಗಂಟು ಕಾಣುತ್ತಲೇ ಇರಲಿಲ್ಲ. ಚೊಂಬಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸುತ್ತ ಹೋದೆ. ಉಗುರನ್ನು ಆವತ್ತೇ ಕತ್ತರಿಸಿದವಳು ಮತ್ತೆ ಬೆಳೆಸಿಲ್ಲ. ಬರಿ ಬೆರಳಲ್ಲಿ ನಿಮ್ಮ ಕಲ್ಲುಗಂಟು ಬಿಚ್ಚುವುದು ಹೇಗೆ, ಕೊನೆಗೆ ಕೊಯ್ಯಲೇಬೇಕಾದರೆ ಹೇಗೆ ಎಂದು ಅಳು ಬರುತ್ತಿತ್ತು. ಮಣ್ಣು ಕರಗಿತು. ಒಂದು ಕುಣಿಕೆ ಕಂಡಿತು, ಅದರಿಂದ ಹೊರಗೆ ಬಿಟ್ಟ ಒಂದು ಉದ್ದನೆಯ ತುದಿ. ಅದು ನಿಮ್ಮ ಕಲ್ಲುಗಂಟೇ ಅಲ್ಲ! ಚಕ್ಕಡಿಯವರು ಎತ್ತನ್ನು ಬೇಗ ಬಿಡಿಸಿಕೊಳ್ಳಲು ಹಾಕುವ ಜಾರುಗಂಟು. ಎರಡು ಬೆರಳಲ್ಲಿ ತುದಿ ಹಿಡಿದು ಎಳೆದೆ. ಒಂದೇ ಎಳೆತ. ಹಗ್ಗ ಸರ್ರನೆ ಬಿಚ್ಚಿ ನನ್ನ ಎದೆಯ ಮೇಲೆ ಬಿತ್ತು.

ಇಡೀ ಆಯುಷ್ಯ ಕಲ್ಲುಗಂಟು ಹಾಕಿದವರು, ಆ ಒಂದು ದಿನ... ನನ್ನ ಉಗುರಿಗಾಗಿ ಅಲ್ಲವೇ, ಅಪ್ಪಾಜಿ? ಟಾರು ಮುಗಿದ ಕಡೆ ಒಬ್ಬರೇ ಮಲಗಿ, ಸಂಜೆ ನಾನು ಬಿಚ್ಚುತ್ತೇನೆಂದು ನೆನೆದು, ಹಾಗೆ ಕಟ್ಟಿದಿರಲ್ಲವೇ? ನೀವು ಬೇಜಾರಾಗಿ ಹೋದಿರೆಂದು ನಾನು ಇಷ್ಟು ತಿಂಗಳು... ಅಲ್ಲೇ, ಜೀಪಿನ ಕೆಳಗೇ ಬಿಕ್ಕಿ ಬಿಕ್ಕಿ ಅತ್ತೆ. ಇವರು ಹೊರಗಿನಿಂದ ನನ್ನ ಪಾದ ಹಿಡಿದುಕೊಂಡು ಕೂತಿದ್ದರು.

ಆಮೇಲಿನ ಪ್ರತಾಪ ಕೇಳಿ! ಒಂದು ಲಿಂಕಿನ ತುದಿಯ ತೂತುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳು ಸೀಳಿದ್ದವು. ಅವನ್ನು ಬಡಿದು ತೆಗೆದು, ನಿಮ್ಮ ಪೆಟ್ಟಿಗೆಯಲ್ಲಿದ್ದ ಹೊಸವಕ್ಕೆ ಸೋಪಿನ ನೀರು ಸವರಿ, ನೀವು ಮಾಡುತ್ತಿದ್ದಂತೆ ಮರ ಕೊರೆಯುವ ಗಿರಮಿಟ್ಟಿನ ಹಾಗೆ ತಿರುವುತ್ತ ಕೂರಿಸಿದೆ. ಎರಡೂ ಗಾಲಿಗೆ ಜ್ಯಾಕ್ ಕೊಟ್ಟು, ಲಿಂಕ್ ಜೋಡಿಸಿ, ಮೈಯೆಲ್ಲ ಬಲ ಹಾಕಿ ನಟ್ಟು ಬಿಗಿದೆ. ಎಷ್ಟು ಬೀಗಿದೆ ಎಂದರೆ ಕಾಕಾನ ಮುಂದೆ ಕುಣಿಯುವುದೊಂದೇ ಬಾಕಿ. ಕೊಳಕೂರಿಗೆಂದು ಜೇವರ್ಗಿ ದಾರಿ ಹಿಡಿದು ಸ್ವಲ್ಪ ದೂರ ಹೋಗಿಲ್ಲ, ಪ್ರತಿ ಗುಂಡಿಗೂ ಕಿರ್ರ್, ಕಿರ್ರ್. ನಿಮ್ಮ ದನಿಯೇ ಕೇಳಿದ ಹಾಗಾಯಿತು: "ಗಾಲಿ ಜೋತಾಡುಮುಂದ ಬಿಗೀಬಾರ್ದವ್ವಾ. ಗಾಡಿ ನೆಲದ ಮ್ಯಾಲ ತನ್ನ ಭಾರ ಹಾಕಿ ನಿಂತ ಮ್ಯಾಲ ಬಿಗಿ. ಇಲ್ಲಂದ್ರ ರಬ್ಬರ್ ತಿರುಚಿಕೊಂಡು ಹರೀತದ." ನೂರು ಸಲ ಹೇಳಿದ್ದಿರಿ. ನಾನು ಹೂಂ ಹೂಂ ಎಂದಿದ್ದೆ. ರಸ್ತೆ ಬದಿಗೆ ನಿಲ್ಲಿಸಿ, ನಟ್ಟು ಸಡಿಲಿಸಿ, ಜೀಪು ಸಮನಾಗಿ ಕೂತ ಮೇಲೆ ಮತ್ತೆ ಬಿಗಿದೆ. ಸದ್ದು ನಿಂತಿತು.

ಕೊಳಕೂರಿನಲ್ಲಿ ಹಿಂದಿನ ದಿನ ಮಳೆಯಾಗಿತ್ತು. ಟಾರು ಮುಗಿಯಿತು. ಮುಂದೆ ಹೊಲದ ದಾರಿ, ಚಕ್ಕಡಿ ತುಳಿದ ಆಳದ ತಗ್ಗುಗಳು. ಇವರು ನನ್ನ ಮುಖ ನೋಡಿದರು. ನಾನು ಪಾನಾ ತೆಗೆದುಕೊಂಡು ಇಳಿದೆ. ಎರಡೂ ಲಿಂಕ್ ಬಿಚ್ಚಿ ಪೇಪರಿನಲ್ಲಿ ಸುತ್ತಿಟ್ಟು, ನಿಮ್ಮದೇ ಹಗ್ಗದಿಂದ ಸರಳನ್ನು ಮೇಲಕ್ಕೆ ಕಟ್ಟಿದೆ. ಜಾರುಗಂಟು. ಹಾಗೆಯೇ ಒಂದು ಉದ್ದನೆಯ ತುದಿ ಹೊರಗೆ ಬಿಟ್ಟೆ. ವಿಭೂತಿ, ಪತ್ರಿ ಏರಿಸಿ ನಿಮ್ಮ ಗದ್ದುಗೆಯ ಮಣ್ಣಿಗೆ ಹಣೆ ಹಚ್ಚಿದೆ. ನಿಮ್ಮ ಅಳಿಯನೇ ನನ್ನ ಪರವಾಗಿ, "ಮಾವಾರ, ಬಂದೇವ್ರಿ" ಎಂದರು.

ಕಾಕಾ ಜೀಪಿಗೆ ಗಿರಾಕಿ ಹುಡುಕುತ್ತಿದ್ದರು. ಬೇಡ ಎಂದು ಹೇಳಿಬಿಟ್ಟಿದ್ದೇನೆ, ಅದು ನನ್ನ ಜೊತೆ ಆಳಂದಕ್ಕೆ ಬಂದಿದೆ. ಈಗ ಎಮ್ಮೆ ಕರು ಹಾಕುವ ಹೊಲಗಳಿಗೆಲ್ಲ ಅದೇ ಹೋಗುತ್ತದೆ.

ಇನ್ನೊಂದು ಸುದ್ದಿ, ಇದಕ್ಕಾಗಿಯೇ ಬರೆಯಲು ಕೂತದ್ದು. ಅಂದು ಕೊಳಕೂರಿನಿಂದ ತಿರುಗಿ ಟಾರು ರಸ್ತೆಗೆ ಬಂದಾಗ ಸಂಜೆಯಾಗಿತ್ತು. ತಿರುಗಿ ಹಾಕಲು ನಾನು ಬೇಕು ಎಂದಿದ್ದಿರಲ್ಲ? ಕೆಳಗೆ ಮಲಗಿ, ತುದಿ ಹಿಡಿದು ಎಳೆದು, ಎರಡೂ ಲಿಂಕ್ ಹಾಕಿದೆ, ಅಪ್ಪಾಜಿ. ಜೀಪು ನೆಲದ ಮೇಲೆ ನಿಂತಿರುವಾಗಲೇ ಬಿಗಿದೆ.

ಪಾನಾ ಹಿಡಿಯಲು ಇನ್ನೆಂದೂ ಇಲ್ಲವೆನ್ನದ,
ನಿಮ್ಮ ಅಶ್ವಿನಿ