ನೆಗೆಟಿವ್ ಬಂದದೆ

ಜುಲೈ 8, ಮಂಗಳವಾರ. ಬೇಗೂರು

ನಮ್ಮ ಬೀದಿಯ ಚಿಕ್ಕಮಾದಮ್ಮ ಇವತ್ತು ನನಗೆ ಪಾಯಸ ಮಾಡಿ ಹಾಕಿದರು.

ಅವರ ಗಂಡ ಮಾರಯ್ಯನವರ ಜೀನ್ ಪರೀಕ್ಷೆಯ ವರದಿ ಇವತ್ತು ನಮ್ಮ ಲ್ಯಾಬಿಗೆ ಬಂತು. ಓದುತ್ತಾ "ನೆಗೆಟಿವ್" ಅಂದೆ, ಅಷ್ಟೇ. ಮುಂದಿನ ಮಾತು ಬಾಯಿಗೆ ಬರುವ ಮೊದಲೇ ಎದುರಿಗೆ ನಿಂತಿದ್ದ ಚಿಕ್ಕಮಾದಮ್ಮ ನನ್ನ ಕೈ ಹಿಡಿದು ಅತ್ತುಬಿಟ್ಟರು. "ಗೋಪಾಲಸ್ವಾಮಿ ಕಣ್ಬುಟ್ಟ ಕಣಮ್ಮಿ!"

ಕೊರೋನಾ ಕಾಲದಲ್ಲಿ "ನೆಗೆಟಿವ್ ಬಂದಿದೆ, ಹೆದರಬೇಡಿ" ಎಂದು ಈ ಬೀದಿಗೆಲ್ಲ ಆ ಪದ ಕಲಿಸಿದವಳು ನಾನೇ. ಶ್ವಾಸಕೋಶದ ಕ್ಯಾನ್ಸರ್ ಇಷ್ಟು ಹರಡಿದ ಮೇಲೆ ಈ ಪರೀಕ್ಷೆ ಪಾಸಿಟಿವ್ ಬರಲಿ ಎಂದು ಬೇಡಿಕೊಳ್ಳಬೇಕು. ಬಂದಿದ್ದರೆ, ಆ ಜೀನ್ ದೋಷಕ್ಕೆಂದೇ ಇರುವ ಮಾತ್ರೆಯ ಬಲದಲ್ಲಿ ಒಂದೆರಡು ವರ್ಷ ಸಿಗುತ್ತಿತ್ತೇನೋ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕಿತ್ತು? ಹೇಳಲಿಲ್ಲ. ಸಂಜೆ ಅವರ ಮನೆಯಲ್ಲಿ ಕೂತು ಪಾಯಸ ತಿಂದೆ.

ನನ್ನೆದುರಿಗೇ ಕಲ್ಲಿಕೋಟೆಯಲ್ಲಿರುವ ಮಗಳು ಶಿವರಂಜಿನಿಗೆ ಫೋನ್ ಮಾಡಿದರು. "ರಜಾ ಆಕ್ಬ್ಯಾಡ ಕಣಮ್ಮಿ, ಅಪ್ಪಂಗೆ ನೆಗೆಟಿವ್ ಬಂದದೆ. ದೀಪಾವಳಿಗೆ ಬಂದ್ರೆ ಸಾಕು."

ದೀಪಾವಳಿಗೆ ಮಾರಯ್ಯ ಇರುತ್ತಾರೆ ಎಂದು ಯಾವ ಡಾಕ್ಟರೂ ಹೇಳಲಾರರು. ನಾನು ಪಾಯಸದ ಬಟ್ಟಲು ಕೆಳಗಿಟ್ಟು ಎದ್ದು ಬಂದೆ.

ಈಗ ಶಿವರಂಜಿನಿಯ ಮೆಸೇಜ್ ಬಂದಿದೆ: "ಥ್ಯಾಂಕ್ಸ್ ಅಕ್ಕ. ನಾಳಿನ ಬಸ್ ಟಿಕೆಟ್ ಕ್ಯಾನ್ಸಲ್ ಮಾಡ್ಬುಟ್ಟೆ."

ನಾನು ಓದಿದ್ದೇನೆ ಎಂಬ ನೀಲಿ ಗುರುತು ಅವಳಿಗೆ ಕಾಣುತ್ತಿರುತ್ತದೆ. "ರಂಜಿನಿ" ಎಂದು ಬರೆದಿದ್ದೇನೆ. ಮುಂದೆ, ಟಿಕೆಟ್ ಮತ್ತೆ ಮಾಡಿಸು ಎಂದು ಬರೆಯಬೇಕು.